ಎಡಕ್ಕೋ, ಬಲಕ್ಕೋ? ಹಳಿಯ ಮೇಲಿನ ತೊಟ್ಟಿಲ ಗಾಡಿಯ ಕತೆ

ಕವಿತಾಳದಲ್ಲಿ ರೈಲು ನಿಲ್ದಾಣವಿಲ್ಲ. ರಾಯಚೂರಿನಿಂದ ಸಿರವಾರದ ಮೇಲೆ ಲಿಂಗಸುಗೂರಿಗೆ ಹೋಗುವ ರಸ್ತೆಯಲ್ಲಿರುವ ಈ ಊರಿಗೆ ಜನ, ಜೋಳ, ಹತ್ತಿ, ಗೊಬ್ಬರದ ಚೀಲ ಎಲ್ಲವೂ ಬಸ್ಸು, ಲಾರಿ, ಟ್ರ್ಯಾಕ್ಟರುಗಳಲ್ಲೇ ಬಂದು ಹೋಗುತ್ತವೆ. ಆದರೆ ಊರಿನ ಸುತ್ತ ಒಮ್ಮೆ ಕಣ್ಣು ಹಾಯಿಸಿದರೆ ಮೂರು ಬಗೆಯ ಹಳಿಗಳು ಕಾಣುತ್ತವೆ. ವಾಯವ್ಯಕ್ಕೆ ಹಟ್ಟಿ ಇದೆ. ಅಲ್ಲಿ ದಶಕಗಳಿಂದ ಚಿನ್ನದ ಅದಿರು ನೆಲದ ಕೆಳಗೆ ಹಳಿಯ ಮೇಲೆಯೇ ಸಾಗುತ್ತ ಬಂದಿದೆ. ಈಶಾನ್ಯಕ್ಕೆ, ಕೃಷ್ಣೆಯ ದಡದ ಶಕ್ತಿನಗರಕ್ಕೆ ಕಲ್ಲಿದ್ದಲಿನ ಗೂಡ್ಸ್ ರೈಲುಗಳು ಬರುತ್ತವೆ. ದಕ್ಷಿಣಕ್ಕೆ, 2024ರಲ್ಲಿ ಸಿಂಧನೂರಿಗೆ ಮೊದಲ ರೈಲು ತಂದ ಹೊಸ ಮಾರ್ಗ ಮಾನ್ವಿಯ ಮೇಲೆ ರಾಯಚೂರು ಸೇರಬೇಕಾದ ಮಾರ್ಗವೇ ಆಗಿದೆ.

ಈ ಮೂರು ಕಡೆಗೂ ಪ್ರಶ್ನೆ ಒಂದೇ. ಹಳಿಯ ಮೇಲೆ ಭಾರ ಹೊರುವುದು ಸುಲಭ, ಇಳಿಸುವುದು ಹೇಗೆ? ಒಂದು ಎತ್ತು ಕಷ್ಟಪಟ್ಟು ಎಳೆಯುವ ಭಾರವನ್ನು ಹಳಿಯ ಮೇಲೆ ಇಬ್ಬರು ಆಳುಗಳು ತಳ್ಳಿಕೊಂಡು ಹೋಗಬಲ್ಲರು. ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ ಉರುಳುವಾಗ ತಡೆ ಅಷ್ಟು ಕಡಿಮೆ. ಆದರೆ ಸೇರಬೇಕಾದ ಜಾಗ ಮುಟ್ಟಿದ ಮೇಲೆ ಸಲಿಕೆ ಹಿಡಿದು ಎತ್ತಿ ಹಾಕುವುದಾದರೆ ಹಳಿಯಿಂದ ಉಳಿದ ಹೊತ್ತೆಲ್ಲ ಅಲ್ಲೇ ಕಳೆದುಹೋಗುತ್ತದೆ. ಒಂದು ಸಣ್ಣ ಗಾಡಿಯ 1,200 ಕಿಲೋ ಮಣ್ಣನ್ನು 20 ಕಿಲೋ ಹಿಡಿಯುವ ಬುಟ್ಟಿಯಲ್ಲಿ ಇಳಿಸಲು 60 ಸಲ ಎತ್ತಬೇಕು. ಅಷ್ಟರಲ್ಲಿ ಹಿಂದಿನ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ಏಕೆಂದರೆ ಹಳಿಯ ಮೇಲೆ ಒಂದನ್ನೊಂದು ದಾಟಿ ಹೋಗುವಂತಿಲ್ಲ.

ಈ ತೊಡಕಿಗೆ ಕಂಡುಕೊಂಡ ಉತ್ತರವೇ ಹಳಿಯ ಎಡಕ್ಕಾಗಲಿ ಬಲಕ್ಕಾಗಲಿ ಬೇಕಾದತ್ತ ವಾಲಿ, ಹೊರೆಯನ್ನು ತಾನೇ ಸುರಿದು, ಮತ್ತೆ ತಾನೇ ನೆಟ್ಟಗೆ ನಿಲ್ಲುವ ಗಾಡಿ. ನೋಡಲು ಕಬ್ಬಿಣದ ತೊಟ್ಟಿಲಿನಂತಿರುವ ಈ ಸಾಧನ ಬಹು ಸರಳವಾದದ್ದೆಂದು ತೋರುತ್ತದೆ. ಒಳಹೊಕ್ಕು ನೋಡಿದರೆ ಒಂದು ವಿರೋಧಾಭಾಸವೇ ಅದರಲ್ಲಿ ಅಡಗಿದೆ. ದಾರಿಯುದ್ದಕ್ಕೂ ಅದು ಉರುಳಬಾರದು. ದಾರಿಯ ಕೊನೆಯಲ್ಲಿ ಉರುಳಲೇಬೇಕು.

ಬಂಡಿಗೆ ಹಿಂಬದಿ, ಹಳಿಗೆ ಇಕ್ಕೆಲ

ನಮ್ಮ ಎತ್ತಿನ ಬಂಡಿ ಹೊರೆಯನ್ನು ಹಿಂದಕ್ಕೆ ಸುರಿಯುತ್ತದೆ. ಎತ್ತು ಬಿಚ್ಚಿ ನೊಗ ಮೇಲೆತ್ತಿದರೆ ಅಚ್ಚಿನ ಮೇಲೆ ಬಂಡಿ ಹಿಂದಕ್ಕೆ ವಾಲುತ್ತದೆ, ಗೊಬ್ಬರ ಜಾರುತ್ತದೆ. ಬಂಡಿಗೆ ಇದು ಸರಿ, ಏಕೆಂದರೆ ಅದು ಹೊಲದಲ್ಲಿ ಬೇಕಾದಲ್ಲಿ ತಿರುಗಬಲ್ಲದು. ಹಳಿಯ ಗಾಡಿಗೆ ಆ ಸ್ವಾತಂತ್ರ್ಯವಿಲ್ಲ. ಹಿಂದಕ್ಕೆ ಸುರಿದರೆ ಮಣ್ಣು ಬೀಳುವುದು ಹಳಿಯ ಮೇಲೆಯೇ. ಆದ್ದರಿಂದ ಅದು ಪಕ್ಕಕ್ಕೇ ಸುರಿಯಬೇಕು.

ಒಂದೇ ಪಕ್ಕ ಸಾಲದೇ, ಎರಡೂ ಪಕ್ಕ ಏಕೆ? ಕಾಲುವೆಯ ಏರಿಯನ್ನೋ ಕೆರೆಯ ಒಡ್ಡನ್ನೋ ಕಟ್ಟುವ ಬಗೆಯನ್ನು ನೆನೆದರೆ ಇದು ತಿಳಿಯುತ್ತದೆ. ಏರಿಯ ನೆತ್ತಿಯ ಮೇಲೆ ಹಳಿ ಹಾಸಿ, ಮಣ್ಣು ತಂದು ಸುರಿಯುತ್ತ ಹೋಗಬೇಕು. ಮಣ್ಣೆಲ್ಲ ಒಂದೇ ಬದಿಗೆ ಬಿದ್ದರೆ ಏರಿ ಸೊಟ್ಟಗೆ ಬೆಳೆಯುತ್ತದೆ. ಒಂದೇ ಬದಿಗೆ ಸುರಿಯುವ ಗಾಡಿಯನ್ನು ಇನ್ನೊಂದು ಬದಿಗೆ ಬಳಸಬೇಕಾದರೆ ಅದನ್ನು ಸುತ್ತು ತಿರುಗಿಸಬೇಕು. ನಾಲ್ಕಾರು ಅಡಿ ಅಗಲದ ಏರಿಯ ಮೇಲೆ ಅದಕ್ಕೆ ಜಾಗವೆಲ್ಲಿ? ಬೆಳಿಗ್ಗೆ ಎಡಕ್ಕೆ, ಮಧ್ಯಾಹ್ನ ಬಲಕ್ಕೆ ಸುರಿಯಬಲ್ಲ ಗಾಡಿಯಿದ್ದರೆ ಹಳಿಯನ್ನು ಕದಲಿಸದೆ ಏರಿಯನ್ನು ಸಮನಾಗಿ ಎತ್ತರಿಸಬಹುದು.

ಇಂಥ ಗಾಡಿಗಳು ಜಗತ್ತಿನಲ್ಲಿ ಹರಡಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಫ್ರಾನ್ಸಿನ ಪಾಲ್ ಡೆಕೊವಿಲ್ ಎಂಬಾತ 1870ರ ದಶಕದಲ್ಲಿ ತನ್ನ ಜಮೀನಿನ ಸಕ್ಕರೆ ಬೀಟ್‌ರೂಟನ್ನು ಕೆಸರು ಹೊಲದಿಂದ ಹೊರಸಾಗಿಸಲಾರದೆ, ಆಳುಗಳೇ ಎತ್ತಿಕೊಂಡು ಹೋಗಿ ಜೋಡಿಸಬಹುದಾದ ಹಗುರ ಹಳಿಯ ತುಂಡುಗಳನ್ನು ಮಾಡಿಸಿದ. ಏಣಿಯಂತೆ ಕಾಣುವ ಆ ತುಂಡುಗಳು ಬಹುಬೇಗ ಗಣಿ, ತೋಟ, ಕಟ್ಟಡ ಕಾಮಗಾರಿ, ಯುದ್ಧಭೂಮಿ ಎಲ್ಲೆಡೆಗೂ ಹೋದವು. 1876ರಲ್ಲಿ ಬರ್ಲಿನ್ನಿನಲ್ಲಿ ಆರಂಭವಾದ ಓರೆನ್‌ಸ್ಟೈನ್ ಮತ್ತು ಕೊಪ್ಪೆಲ್, ಇಂಗ್ಲೆಂಡಿನ ಲೀಡ್ಸ್ ನಗರದ ರಾಬರ್ಟ್ ಹಡ್ಸನ್ ಕಂಪನಿಗಳು ಅವುಗಳ ಮೇಲೆ ಓಡುವ ಮಗುಚು ಗಾಡಿಗಳನ್ನು ದೇಶ ದೇಶಗಳಿಗೆ ಮಾರಿದವು. ಎರಡು ಅಡಿಯ ಆಸುಪಾಸಿನ ಕಿರಿದಾದ ಹಳಿ, ಅದರ ಮೇಲೆ ‘ವಿ’ ಅಥವಾ ‘ಯು’ ಅಕ್ಷರದಾಕಾರದ ತೊಟ್ಟಿ, ಇದೇ ಅದರ ಮೂಲರೂಪ. ನೂರೈವತ್ತು ವರ್ಷಗಳಾದರೂ ಆ ರೂಪ ಹೆಚ್ಚು ಬದಲಾಗಿಲ್ಲ.

ಕಣದ ರಾಶಿ ಹೇಳುವ ಪಾಠ

ಗಾಡಿಯನ್ನು ವಿನ್ಯಾಸ ಮಾಡುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ತೊಟ್ಟಿ ಎಷ್ಟು ವಾಲಿದರೆ ಹೊರೆ ಜಾರುತ್ತದೆ? ಇದಕ್ಕೆ ಉತ್ತರ ಸುಗ್ಗಿಯ ಕಣದಲ್ಲೇ ಇದೆ. ಜೋಳದ ರಾಶಿಯ ಮೇಲೆ ಎಷ್ಟೇ ಸುರಿದರೂ ರಾಶಿ ಒಂದು ಇಳಿಜಾರಿಗಿಂತ ಕಡಿದಾಗುವುದಿಲ್ಲ. ಮೇಲಿನ ಕಾಳು ಉರುಳಿ ಬುಡ ಅಗಲವಾಗುತ್ತದೆ. ಪ್ರತಿಯೊಂದು ಸಡಿಲ ವಸ್ತುವಿಗೂ ಇಂಥದೊಂದು ‘ನಿಲುಗಡೆಯ ಕೋನ’ವಿದೆ. ದುಂಡನೆಯ ಕಾಳಿಗೆ ಅದು ಕಡಿಮೆ, ಒಣ ಮರಳಿಗೆ ಸುಮಾರು 34 ಡಿಗ್ರಿ, ಅಂಚು ಚೂಪಾಗಿರುವ ಒಡೆದ ಕಲ್ಲಿಗೆ ಇನ್ನೂ ಹೆಚ್ಚು.

ತೊಟ್ಟಿಯ ಪಕ್ಕದ ಗೋಡೆ ಈ ಕೋನಕ್ಕಿಂತ ಕಡಿದಾಗಿ ವಾಲಿದರೆ ಮಾತ್ರ ಹೊರೆ ಪೂರ್ತಿ ಖಾಲಿಯಾಗುತ್ತದೆ. ‘ವಿ’ ಆಕಾರದ ಗುಟ್ಟು ಇಲ್ಲಿದೆ. ಅದರ ಗೋಡೆಗಳು ಮೊದಲೇ ಓರೆಯಾಗಿರುವುದರಿಂದ, ವಾಲಿದಾಗ ಒಂದು ಬದಿಯ ಗೋಡೆ ಬೇಗನೆ ಜಾರುಬಂಡೆಯಂತಾಗುತ್ತದೆ. ಬಾಗಿಲು ಬೇಡ, ಮೂಲೆಗಳಿಲ್ಲ, ಎರಡೂ ಬದಿ ಒಂದೇ ತೆರ. ಚೌಕ ಪೆಟ್ಟಿಗೆಯಾದರೆ ಹೆಚ್ಚು ಸಾಮಾನು ಹಿಡಿಯುತ್ತದೆ ನಿಜ. ಆದರೆ ಪಕ್ಕಕ್ಕೆ ಬಾಗಿಲು ಬೇಕು, ಬಾಗಿಲಿಗೆ ಕೀಲು ಬೇಕು, ಮೂಲೆಯಲ್ಲಿ ಮಣ್ಣು ಕೂರುತ್ತದೆ.

ಆದರೆ ರಾಯಚೂರು ಜಿಲ್ಲೆಯಲ್ಲಿ ಈ ಲೆಕ್ಕಕ್ಕೆ ಒಂದು ಎಚ್ಚರಿಕೆ ಸೇರಿಸಬೇಕು. ಅದೇ ನಮ್ಮ ಎರೆ ಮಣ್ಣು. ಒಣಗಿದಾಗ ಹೆಂಟೆ ಹೆಂಟೆಯಾಗಿ ಉರುಳುವ ಈ ಕರಿನೆಲ ನೆನೆದರೆ ಅಂಟಿನಂತೆ ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಎರೆ ಹೊಲ ದಾಟಿದವರ ಚಪ್ಪಲಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಟುವ ಮಣ್ಣಿಗೆ ನಿಲುಗಡೆಯ ಕೋನವೆಂಬುದೇ ನೆಚ್ಚಿಕೊಳ್ಳುವಂಥದ್ದಲ್ಲ. ಗಾಡಿ ಪೂರ್ತಿ ವಾಲಿದರೂ ಹೊರೆ ಒಳಗೇ ಕಚ್ಚಿಕೊಂಡಿರಬಹುದು. ಇದರಿಂದ ಆಗುವ ಅಪಾಯವೇನೆಂದು ಮುಂದೆ ನೋಡೋಣ.

ಬೀಳಬಾರದು, ಬೀಳಲೇಬೇಕು

ತೊಟ್ಟಿಯ ಎರಡು ತುದಿಗಳಲ್ಲಿ ಅರ್ಧಚಂದ್ರದಂತೆ ಬಾಗಿದ ಕಬ್ಬಿಣದ ಪಟ್ಟಿಗಳಿರುತ್ತವೆ. ಗಾಡಿಯ ಚೌಕಟ್ಟಿನ ಮೇಲೆ ಆ ಅರ್ಧಚಂದ್ರಗಳು ಉರುಳುತ್ತವೆ. ತೊಟ್ಟಿಲು ತೂಗುವ ಕಾಲುಗಳನ್ನು ನೆನೆಸಿಕೊಂಡರೆ ಸಾಕು. ಉರುಳುವಾಗ ಜಾರಿಹೋಗದಂತೆ ಪಟ್ಟಿಯಲ್ಲಿ ಹಲ್ಲುಗಳನ್ನೋ ತೂತುಗಳನ್ನೋ ಮಾಡಿ ಚೌಕಟ್ಟಿನ ಗೂಟಗಳಿಗೆ ಹೊಂದಿಸಿರುತ್ತಾರೆ.

ಉರುಳುವ ವಸ್ತು ನೆಟ್ಟಗೆ ನಿಲ್ಲುವುದೋ ಬೀಳುವುದೋ ಎಂಬುದನ್ನು ತೀರ್ಮಾನಿಸುವುದು ಅದರ ತೂಕದ ಕೇಂದ್ರ. ಎಷ್ಟು ಸಲ ಕೆಡವಿದರೂ ಎದ್ದು ನಿಲ್ಲುವ ಆಟದ ಗೊಂಬೆ ಎಲ್ಲರಿಗೂ ಗೊತ್ತು. ಅದರ ಬುಡ ಚೆಂಡಿನಂತೆ ದುಂಡು; ತೂಕವೆಲ್ಲ ಆ ದುಂಡಿನ ಮಧ್ಯಬಿಂದುವಿಗಿಂತ ಕೆಳಗೆ. ಆದ್ದರಿಂದ ವಾಲಿಸಿದಷ್ಟೂ ಮರಳಿ ಬರುತ್ತದೆ. ಅದೇ ಗೊಂಬೆಯ ತಲೆಗೆ ಸೀಸದ ಗುಂಡು ಕಟ್ಟಿದರೆ ತೂಕದ ಕೇಂದ್ರ ಮೇಲೇರುತ್ತದೆ, ಗೊಂಬೆ ಒರಗಿಬಿಡುತ್ತದೆ.

ಮಗುಚು ಗಾಡಿಯ ಜಾಣತನವೆಂದರೆ ಇವೆರಡನ್ನೂ ಒಂದೇ ತೊಟ್ಟಿಯಲ್ಲಿ ತಂದಿರುವುದು. ತೊಟ್ಟಿ ತುಂಬಿದಾಗ ತೂಕದ ಕೇಂದ್ರ ಅರ್ಧಚಂದ್ರದ ಮಧ್ಯಬಿಂದುವಿಗಿಂತ ತುಸು ಮೇಲಿರಬೇಕು. ಆಗ ಅಗುಳಿ ತೆಗೆದು ಸ್ವಲ್ಪ ನೂಕಿದರೆ ತಾನೇ ವಾಲುತ್ತದೆ. ಖಾಲಿಯಾದಾಗ ತೂಕದ ಕೇಂದ್ರ ಆ ಬಿಂದುವಿಗಿಂತ ಕೆಳಗಿರಬೇಕು. ಆಗ ಗೊಂಬೆಯಂತೆ ತಾನೇ ಎದ್ದು ನಿಲ್ಲುತ್ತದೆ. ಹೊರೆಯ ತೂಕವೇ ಕೆಡವುತ್ತದೆ, ತೊಟ್ಟಿಯ ತೂಕವೇ ಎಬ್ಬಿಸುತ್ತದೆ. ಎಂಜಿನ್ನು, ಜಾಕು ಯಾವುದೂ ಬೇಡ.

ಅರ್ಧಚಂದ್ರದಿಂದ ಇನ್ನೊಂದು ಲಾಭವಿದೆ. ಉರುಳುವಾಗ ತೊಟ್ಟಿ ಪಕ್ಕಕ್ಕೆ ಸರಿಯುತ್ತದೆ. ಹೊರೆ ಹಳಿಯಿಂದ ಆಚೆಗೆ ಬೀಳುತ್ತದೆ. ಒಂದೇ ಕೀಲಿನ ಮೇಲೆ ತಿರುಗುವ ತೊಟ್ಟಿಯಾದರೆ ಮಣ್ಣಿನ ಒಂದು ಪಾಲು ಗಾಲಿಯ ಬುಡಕ್ಕೇ ಬಿದ್ದು ಗಾಡಿ ಮುಂದೆ ಹೋಗದಂತೆ ಕಟ್ಟಿಹಾಕುತ್ತದೆ. ಆದರೆ ಈ ಸರಿಯುವಿಕೆಗೆ ಬೆಲೆಯೂ ಉಂಟು.

ಒಂದು ಸಣ್ಣ ಲೆಕ್ಕ

ಗಾಡಿಯ ಅಳತೆಗಳನ್ನು ಹೀಗೆಂದು ಇಟ್ಟುಕೊಳ್ಳೋಣ. ಹಳಿಗಳ ನಡುವಿನ ಅಂತರ 600 ಮಿಲಿಮೀಟರ್. ತೊಟ್ಟಿ ಮುಕ್ಕಾಲು ಘನಮೀಟರ್ ಹಿಡಿಯುತ್ತದೆ. ಘನಮೀಟರಿಗೆ 1,600 ಕಿಲೋದಂತೆ ಮಣ್ಣಿನ ತೂಕ 1,200 ಕಿಲೋ. ತೊಟ್ಟಿಯ ಸ್ವಂತ ತೂಕ 150 ಕಿಲೋ. ಗಾಲಿ, ಅಚ್ಚು, ಚೌಕಟ್ಟು ಸೇರಿ 250 ಕಿಲೋ.

ಇಡೀ ಗಾಡಿ ಬಲಕ್ಕೆ ಮಗುಚಿ ಬೀಳುವುದಾದರೆ ಬಲಹಳಿಯೇ ಕೀಲಾಗುತ್ತದೆ. ಅದು ಗಾಡಿಯ ನಡುವಿನಿಂದ 300 ಮಿಲಿಮೀಟರ್ ದೂರ. ಬೀಳದಂತೆ ಹಿಡಿಯುವುದು ಚೌಕಟ್ಟಿನ ತೂಕ: 250ನ್ನು 300ರಿಂದ ಗುಣಿಸಿದರೆ 75,000. ಬೀಳಿಸಲು ನೋಡುವುದು ತುಂಬಿದ ತೊಟ್ಟಿಯ 1,350 ಕಿಲೋ, ಅದು ಹಳಿಯಿಂದ ಆಚೆಗೆ ಎಷ್ಟು ಚಾಚಿದೆಯೋ ಅಷ್ಟು. 75,000ವನ್ನು 1,350ರಿಂದ ಭಾಗಿಸಿದರೆ ಸುಮಾರು 55. ಅಂದರೆ ತುಂಬಿದ ತೊಟ್ಟಿಯ ತೂಕದ ಕೇಂದ್ರ ಹಳಿ ದಾಟಿ 55 ಮಿಲಿಮೀಟರ್, ಗಾಡಿಯ ನಡುವಿನಿಂದ 355 ಮಿಲಿಮೀಟರ್ ಸರಿಯುವವರೆಗೆ ಮಾತ್ರ ಗಾಡಿ ಹಳಿಯ ಮೇಲಿರುತ್ತದೆ. ಮೂರು ಬೆರಳಗಲವೂ ಇಲ್ಲದ ಅಂತರ ಅದು.

ಈಗ ಅರ್ಧಚಂದ್ರದ ತ್ರಿಜ್ಯ 300 ಮಿಲಿಮೀಟರ್ ಎಂದುಕೊಳ್ಳಿ. ತೊಟ್ಟಿ 45 ಡಿಗ್ರಿ ಉರುಳಿದರೆ ಅದರ ಮಧ್ಯಬಿಂದು 235 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ತೂಕದ ಕೇಂದ್ರ ಆ ಬಿಂದುವಿಗಿಂತ 100 ಮಿಲಿಮೀಟರ್ ಮೇಲಿದ್ದರೆ ವಾಲಿದಾಗ ಇನ್ನೂ 71 ಸೇರಿ ಒಟ್ಟು 306. ಗಾಡಿ ಉಳಿಯಿತು. ಅದೇ ತೊಟ್ಟಿಯ ಮೇಲೆ ಗೋಪುರದಂತೆ ಮಣ್ಣು ಪೇರಿಸಿ ತೂಕದ ಕೇಂದ್ರವನ್ನು 200 ಮಿಲಿಮೀಟರಿಗೆ ಏರಿಸಿದರೆ? 235ಕ್ಕೆ 141 ಕೂಡಿ 376. ಗೆರೆ ದಾಟಿತು.

ಒಣ ಮಣ್ಣಾದರೆ ತೊಟ್ಟಿ ಪೂರ್ತಿ ವಾಲುವಷ್ಟರಲ್ಲಿ ಅರ್ಧ ಹೊರೆ ಸುರಿದುಹೋಗಿರುತ್ತದೆ, ಏನೂ ಆಗುವುದಿಲ್ಲ. ಹೊರೆ ಅಂಟಿಕೊಂಡಿದ್ದರೆ ಮಾತ್ರ ಈ ಲೆಕ್ಕ ಹಾಗೆಯೇ ನಿಜವಾಗುತ್ತದೆ. ತೊಟ್ಟಿಯ ಜತೆ ಗಾಲಿ, ಚೌಕಟ್ಟು ಸಮೇತ ಗಾಡಿಯೇ ಮಗುಚಿಕೊಳ್ಳುತ್ತದೆ. ಏರಿಯ ಅಂಚಿನಲ್ಲಾದರೆ ಕೆಳಗೆ ನಿಂತವರ ಮೇಲೆ. ಬಡಿದು ಮಣ್ಣು ಬಿಡಿಸಲು ಹತ್ತಿರ ಹೋಗುವವನೂ ಅದೇ ಹೊತ್ತಿನಲ್ಲಿ, ಅದೇ ಬದಿಯಲ್ಲಿ ಇರುತ್ತಾನೆ ಎಂಬುದನ್ನು ಮರೆಯಬಾರದು. ತೊಟ್ಟಿಯ ಬಾಯಿಯ ಮಟ್ಟಕ್ಕಿಂತ ಹೆಚ್ಚು ತುಂಬಬಾರದು, ಸುರಿಯುವ ಮುನ್ನ ಚೌಕಟ್ಟನ್ನು ಹಳಿಗೆ ಕೊಕ್ಕೆಯಿಂದ ಬಿಗಿಯಬೇಕು, ಒದ್ದೆ ಮಣ್ಣಾದರೆ ಅರ್ಧವೇ ತುಂಬಬೇಕು ಎಂಬ ಕಟ್ಟುಪಾಡುಗಳ ಹಿಂದಿರುವುದು ಈ ಮೂರು ಬೆರಳಿನ ಲೆಕ್ಕವೇ.

ಅಗುಳಿ ಯಾವ ಬದಿಗಿರಬೇಕು?

ಎರಡೂ ಬದಿಗೆ ವಾಲುವ ಗಾಡಿಯ ನಿಜವಾದ ಕಗ್ಗಂಟು ಅಗುಳಿಯದು. ಒಂದೇ ಬದಿಗೆ ಸುರಿಯುವ ಗಾಡಿಯಲ್ಲಿ ಅಪಾಯದ ಬದಿ ಯಾವುದು, ಕ್ಷೇಮದ ಬದಿ ಯಾವುದು ಎಂಬುದು ಎಂದೆಂದಿಗೂ ನಿಶ್ಚಿತ. ಬೇಕಾದರೆ ಬಣ್ಣ ಬಳಿದು ಗುರುತು ಮಾಡಬಹುದು. ಎರಡೂ ಬದಿಗೆ ಸುರಿಯುವ ಗಾಡಿಯಲ್ಲಿ ಬೆಳಿಗ್ಗೆ ಕ್ಷೇಮವಾಗಿದ್ದ ಬದಿ ಮಧ್ಯಾಹ್ನ ಅಪಾಯದ ಬದಿಯಾಗುತ್ತದೆ. ಮನುಷ್ಯನ ಅಭ್ಯಾಸ ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ.

ತೊಟ್ಟಿಯನ್ನು ನೆಟ್ಟಗೆ ಹಿಡಿಯಲು ಎರಡು ಬಗೆಯಿದೆ. ಒಂದು, ವಾಲುವ ಬದಿಯಲ್ಲಿ ಕೆಳಗಿನಿಂದ ಊರುಗೋಲು ಕೊಡುವುದು. ಬಲಕ್ಕೆ ಸುರಿಯಬೇಕಾದರೆ ಬಲಗಡೆಯ ಊರುಗೋಲನ್ನೇ ಎಳೆಯಬೇಕು. ಎಳೆಯುವವನು ನಿಲ್ಲುವುದು ಒಂದು ಟನ್ನಿಗೂ ಮಿಕ್ಕ ಹೊರೆ ಬೀಳುವ ಜಾಗದಲ್ಲೇ. ಎರಡನೆಯದು, ಎದುರು ಬದಿಯನ್ನು ಕೆಳಕ್ಕೆ ಕಟ್ಟಿಹಾಕುವುದು. ಎಡಬದಿಯನ್ನು ಕೊಕ್ಕೆಯಿಂದ ಚೌಕಟ್ಟಿಗೆ ಬಿಗಿದಿದ್ದರೆ ತೊಟ್ಟಿ ಬಲಕ್ಕೆ ವಾಲಲಾರದು. ಬಲಕ್ಕೆ ಸುರಿಯಬೇಕಾದರೆ ಎಡಗಡೆಯ ಕೊಕ್ಕೆ ಬಿಚ್ಚಬೇಕು. ಬಿಚ್ಚುವವನು ಎಡಗಡೆ ನಿಂತಿರಲೇಬೇಕು. ಅವನು ಕಲಿತವನಿರಲಿ, ನಿನ್ನೆ ಕೆಲಸಕ್ಕೆ ಸೇರಿದವನಿರಲಿ, ದಣಿದವನಿರಲಿ, ಗಾಡಿಯೇ ಅವನನ್ನು ಹೊರೆಗೆ ದೂರವಾದ ಬದಿಗೆ ನಿಲ್ಲಿಸುತ್ತದೆ. ನಿಯಮ ಬರೆದು ತೂಗುಹಾಕುವುದಕ್ಕಿಂತ ಇದು ಮೇಲು.

ಅಲ್ಲಿಗೂ ಮುಗಿಯಲಿಲ್ಲ. ಬಲಕ್ಕೆ ಸುರಿದು ಖಾಲಿಯಾದ ತೊಟ್ಟಿ ತಾನೇ ಎದ್ದು ಬರುತ್ತದೆಂದು ಮೇಲೆ ಹೇಳಿದೆ. ಹಾಗೆ ಬರುವಾಗ ಅದರ ಎಡ ಅಂಚು ರಭಸದಿಂದ ಕೆಳಕ್ಕಿಳಿಯುತ್ತದೆ. ಕೊಕ್ಕೆ ಬಿಚ್ಚಿದವನು ಕೈಯನ್ನು ಚೌಕಟ್ಟಿನ ಮೇಲೆ ಇಟ್ಟುಕೊಂಡಿದ್ದರೆ ಬೆರಳು ಉಳಿಯುವುದಿಲ್ಲ. ಆದ್ದರಿಂದ ಕೊಕ್ಕೆಯ ಸಲಾಕೆಯನ್ನು ಗಾಡಿಯ ತಲೆಭಾಗಕ್ಕೆ, ಅಂದರೆ ಮುಂದಿನ ಅಥವಾ ಹಿಂದಿನ ತುದಿಗೆ ತಂದಿಡುವುದು ಇನ್ನೂ ಉತ್ತಮ. ಆ ತುದಿ ಎಡಕ್ಕೆ ಸುರಿದರೂ ಬಲಕ್ಕೆ ಸುರಿದರೂ ತೊಟ್ಟಿಯ ದಾರಿಗೆ ಅಡ್ಡ ಬರುವುದಿಲ್ಲ. ಇದ್ದುದರಲ್ಲಿ ಎರಡೂ ಹೊತ್ತು ಕ್ಷೇಮವಾದ ಜಾಗ ಅದೇ, ಹಿಂದಿನ ಗಾಡಿ ಬಂದು ಗುದ್ದದಂತೆ ಗಾಲಿಗೆ ಕಲ್ಲು ಕೊಟ್ಟಿದ್ದರೆ!

ಹಟ್ಟಿಯ ಹಾದಿ ಬೇರೆ

ಇಷ್ಟೆಲ್ಲ ಅನುಕೂಲವಿರುವ ಇಬ್ಬದಿಯ ಗಾಡಿಯನ್ನು ಚಿನ್ನದ ಗಣಿಗಳು ಏಕೆ ತಲೆಯ ಮೇಲೆ ಹೊತ್ತು ಕೊಂಡಾಡಲಿಲ್ಲ? ಉತ್ತರ ಗಣಿಯ ಸ್ವರೂಪದಲ್ಲಿದೆ.

ಹಟ್ಟಿಯ ಗಣಿಗಾರಿಕೆ ಬಹು ಪುರಾತನವಾದದ್ದು. ಆಧುನಿಕ ಯಂತ್ರಗಳು ಬರುವ ಎಷ್ಟೋ ಶತಮಾನ ಮೊದಲೇ ಇಲ್ಲಿನ ಜನ ನೂರಾರು ಅಡಿ ಆಳಕ್ಕೆ ಕಲ್ಲು ಸೀಳಿ ಇಳಿದಿದ್ದರೆಂಬುದಕ್ಕೆ ಹಳೆಯ ಗುಂಡಿಗಳೇ ಸಾಕ್ಷಿ. ನಿಜಾಮರ ಕಾಲದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ, ಕೋಲಾರದಲ್ಲಿ ಹೆಸರು ಮಾಡಿದ್ದ ಜಾನ್ ಟೇಲರ್ ಕಂಪನಿಯವರ ಕಾಲದ ಗಣಿಗಾರಿಕೆ ಇಲ್ಲಿ ನಡೆದು ನಿಂತುಹೋಯಿತು. ಆ ಕಾಲದ ಚಿನ್ನದ ಹುಡುಕಾಟ ನಾಡಿಗೆ ಇನ್ನೊಂದು ಬಗೆಯ ಚಿನ್ನವನ್ನೂ ಕೊಟ್ಟಿತೆನ್ನಬೇಕು. ಕವಿತಾಳಕ್ಕೆ ನೈಋತ್ಯದಲ್ಲಿರುವ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಿಂದ ಹಟ್ಟಿಯ ಕಂಪನಿ ಮತ್ತೆ ಹುಟ್ಟಿತು. ರಾಜ್ಯಗಳ ಪುನರ್ವಿಂಗಡಣೆಯ ನಂತರ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. 2001ರ ಫೆಬ್ರವರಿ 28ರಂದು ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದಲ್ಲಿ ಚಿನ್ನದ ಗಣಿಯೆಂದರೆ ಮೊದಲು ನೆನಪಾಗುವ ಹೆಸರು ಹಟ್ಟಿಯದೇ.

ಇಂಥ ಗಣಿಯಲ್ಲಿ ಕೆಳಗೆ ಒಂದೊಂದು ಅಂತಸ್ತಿನಲ್ಲೂ ಹಳಿ ಹಾಸಿದ ಸುರಂಗವಿರುತ್ತದೆ. ಅದಿರು ತುಂಬಿದ ಟಬ್ಬುಗಳು ಅದರ ಮೇಲೆ ಸಾಗಿ, ಒಂದು ನಿಶ್ಚಿತ ಜಾಗದಲ್ಲಿರುವ ಕಲ್ಲಿನ ಬಾವಿಗೆ ಅದಿರು ಸುರಿಯುತ್ತವೆ. ಅಲ್ಲಿಂದ ಅದು ಕೆಳಕ್ಕೆ ಬಿದ್ದು, ಶಾಫ್ಟಿನ ಮೂಲಕ ಮೇಲೆ ಬರುತ್ತದೆ. ಏರಿ ಕಟ್ಟುವಾಗ ಸುರಿಯುವ ಜಾಗ ದಿನದಿನಕ್ಕೂ ಮುಂದೆ ಹೋಗುತ್ತದೆ. ಗಣಿಯಲ್ಲಿ ಆ ಬಾವಿ ವರ್ಷಗಟ್ಟಲೆ ಅಲ್ಲೇ, ಅದೇ ಬದಿಗೇ ಇರುತ್ತದೆ. ಆದ್ದರಿಂದ ಇಲ್ಲಿ ಇಬ್ಬದಿಯ ಸ್ವಾತಂತ್ರ್ಯ ಬೇಕಿಲ್ಲ. ಮೇಲಾಗಿ ಕಿರಿದಾದ ಸುರಂಗದಲ್ಲಿ ತಪ್ಪು ಬದಿಗೆ ವಾಲಿದ ಟಬ್ಬು ಗೋಡೆಗೂ ತನಗೂ ನಡುವೆ ಸಿಕ್ಕವರನ್ನು ಬಿಡುವುದಿಲ್ಲ.

ಅದಕ್ಕೇ ಗಣಿಗಳಲ್ಲಿ ‘ಗ್ರ್ಯಾನ್ಬಿ’ ಎಂಬ ಬಗೆಯ ಗಾಡಿ ಬಳಕೆಗೆ ಬಂತು. ಕೆನಡಾದ ತಾಮ್ರದ ಗಣಿ ಕಂಪನಿಯೊಂದರ ಹೆಸರು ಅದಕ್ಕೆ ಅಂಟಿದೆ. ಟಬ್ಬಿನ ಒಂದು ಪಕ್ಕಕ್ಕೆ ಒಂದು ಹೆಚ್ಚುವರಿ ಗಾಲಿ. ಬಾವಿಯ ಎದುರಿಗೆ ಹಳಿಯ ಪಕ್ಕದಲ್ಲಿ ಏರಿ ಇಳಿಯುವ ಒಂದು ಓರೆ ದಂಡೆ. ರೈಲು ನಿಧಾನವಾಗಿ ಸಾಗಿದಂತೆ ಆ ಗಾಲಿ ದಂಡೆಯನ್ನೇರುತ್ತದೆ, ಟಬ್ಬು ಎದುರು ಬದಿಗೆ ವಾಲುತ್ತದೆ, ಅದರೊಡನೆ ಜೋಡಿಸಿದ ಪಕ್ಕದ ಬಾಗಿಲು ತೆರೆದುಕೊಳ್ಳುತ್ತದೆ, ಅದಿರು ಬಾವಿಗೆ ಬೀಳುತ್ತದೆ. ಗಾಲಿ ದಂಡೆಯಿಂದ ಇಳಿದಂತೆ ಎಲ್ಲವೂ ಮೊದಲಿನಂತೆ. ಅಗುಳಿ ತೆಗೆಯುವ ಕೈಯೇ ಅಲ್ಲಿಲ್ಲ. ಇಬ್ಬದಿಯ ಅನುಕೂಲವನ್ನು ಬಿಟ್ಟುಕೊಟ್ಟು ಗಣಿ ಪಡೆದುಕೊಂಡದ್ದು ಇದನ್ನೇ.

ದೊಡ್ಡ ಹಳಿಯ ಮೇಲೆ

ದೊಡ್ಡ ರೈಲಿಗೆ ಬಂದಾಗ ಪ್ರಮಾಣ ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. 1904ರಿಂದ 1914ರವರೆಗೆ ಅಮೆರಿಕನ್ನರು ಪನಾಮಾ ಕಾಲುವೆ ತೋಡಿದಾಗ ಅಗೆಯುವುದಕ್ಕಿಂತ ಅಗೆದದ್ದನ್ನು ಚೆಲ್ಲುವುದೇ ದೊಡ್ಡ ತಲೆನೋವಾಗಿತ್ತು. ಅವರು ಒಂದು ಪಕ್ಕ ಮಾತ್ರ ಗೋಡೆಯಿದ್ದ ಚಪ್ಪಟೆ ಗಾಡಿಗಳನ್ನು ಸೇತುವೆಯಂತೆ ಜೋಡಿಸಿ, ಕೊನೆಯ ಗಾಡಿಯಿಂದ ಮೊದಲ ಗಾಡಿಯವರೆಗೆ ಒಂದು ದೈತ್ಯ ನೇಗಿಲನ್ನು ಉಕ್ಕಿನ ಹಗ್ಗದಿಂದ ಎಳೆದರು. ನೇಗಿಲು ಸಾಗಿದಂತೆ ಮಣ್ಣೆಲ್ಲ ಪಕ್ಕಕ್ಕೆ. ಇಡೀ ರೈಲು ಹತ್ತು ನಿಮಿಷದ ಆಸುಪಾಸಿನಲ್ಲಿ ಖಾಲಿ. ಅದರ ಜತೆಗೇ ಒತ್ತಿದ ಗಾಳಿಯಿಂದ ತೊಟ್ಟಿಯನ್ನೆತ್ತಿ ಸುರಿಯುವ ಗಾಡಿಗಳೂ ಬೆಳೆದವು. ಅವುಗಳ ಎರಡೂ ಪಕ್ಕದಲ್ಲಿ ಗಾಳಿಯ ಉರುಳೆಗಳಿರುತ್ತವೆ. ಎಡಗಡೆಯ ಉರುಳೆಗೆ ಗಾಳಿ ಬಿಟ್ಟರೆ ಬಲಕ್ಕೆ ಸುರಿಯುತ್ತದೆ, ಬಲಗಡೆಯದಕ್ಕೆ ಬಿಟ್ಟರೆ ಎಡಕ್ಕೆ. ನಮ್ಮ ಕಬ್ಬಿಣದ ತೊಟ್ಟಿಲಿನ ದೊಡ್ಡಣ್ಣನೆಂದೇ ಇದನ್ನು ಕರೆಯಬಹುದು.

ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ ಕಾಣುವುದು ಇನ್ನೊಂದು ಉಪಾಯ. 1980ರ ದಶಕದ ನಡುವಿನಲ್ಲಿ ಮೊದಲ ಘಟಕ ಆರಂಭವಾಗಿ, ಎಂಟು ಘಟಕಗಳಿಂದ 1,720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ರಾಯಚೂರು ಶಾಖೋತ್ಪನ್ನ ಕೇಂದ್ರಕ್ಕೆ ರೈಲುಗಟ್ಟಲೆ ಕಲ್ಲಿದ್ದಲು ಬೇಕು. ಕಲ್ಲಿದ್ದಲು ಹೊರುವ ಸಾಮಾನ್ಯ ತೆರೆದ ವ್ಯಾಗನ್ನಿನ ಸ್ವಂತ ತೂಕವೇ ಸುಮಾರು 22 ಟನ್, ಒಳಗಿನ ಹೊರೆ 58 ಟನ್ನಿಗೂ ಹೆಚ್ಚು. ಅದಕ್ಕೆ ತಾನಾಗಿ ವಾಲುವ ತೊಟ್ಟಿಯಿಲ್ಲ. ಬದಲಿಗೆ ‘ಟಿಪ್ಲರ್’ ಎಂಬ ಯಂತ್ರ ವ್ಯಾಗನ್ನನ್ನು ಅದರ ಕೆಳಗಿನ ಹಳಿಯ ತುಂಡಿನ ಸಮೇತ ಅಪ್ಪಿ ಹಿಡಿದು ಹೆಚ್ಚುಕಡಿಮೆ ಬುಡಮೇಲು ಮಾಡುತ್ತದೆ. ಸುರಿಯುವ ಜಾಣ್ಮೆಯನ್ನು ಗಾಡಿಯಲ್ಲಿಡದೆ ನಿಲ್ದಾಣದಲ್ಲಿಟ್ಟರೆ ಸಾವಿರಾರು ಗಾಡಿಗಳು ಸರಳವಾಗಿ ಉಳಿಯುತ್ತವೆ ಎಂಬುದು ಇಲ್ಲಿನ ತರ್ಕ. ಗಣಿಯ ಓರೆ ದಂಡೆಯ ತರ್ಕಕ್ಕೂ ಇದಕ್ಕೂ ನೆಂಟಸ್ತಿಕೆಯಿದೆ.

ಹಾಗಾದರೆ ಇಂದಿನ ರೈಲ್ವೆಯಲ್ಲಿ ಇಬ್ಬದಿಗೆ ಸುರಿಯುವ ಗಾಡಿಗೆ ಕೆಲಸವೇ ಇಲ್ಲವೇ? ಇದೆ, ಅದೂ ಹೊಸ ಹಳಿ ಹಾಸುವಲ್ಲೇ. ಹಳಿಯ ಕೆಳಗೆ ಮತ್ತು ಇಕ್ಕೆಲಗಳಲ್ಲಿ ಜಲ್ಲಿಕಲ್ಲು ಬೇಕು. ಅದು ರೈಲಿನ ಭಾರವನ್ನು ನೆಲಕ್ಕೆ ಹಂಚುತ್ತದೆ, ಮಳೆನೀರನ್ನು ಬಸಿಯುತ್ತದೆ, ಬಿಸಿಲಿಗೆ ಹಿಗ್ಗುವ ಹಳಿ ಪಕ್ಕಕ್ಕೆ ಬಾಗದಂತೆ ಒತ್ತಿ ಹಿಡಿಯುತ್ತದೆ. ಹಿಂದೆ ಗ್ಯಾಂಗಿನ ಆಳುಗಳು ತೆರೆದ ವ್ಯಾಗನ್ನುಗಳಿಂದ ಇದನ್ನು ಕೈಯಾರೆ ಇಳಿಸುತ್ತಿದ್ದರು. ಈಗ ಅದಕ್ಕೆಂದೇ ಹಾಪರ್ ವ್ಯಾಗನ್ನುಗಳಿವೆ. ಅವು ವಾಲುವುದಿಲ್ಲ. ತಳದಲ್ಲಿ ಬೇರೆ ಬೇರೆ ಬಾಗಿಲುಗಳಿದ್ದು, ಜಲ್ಲಿಯನ್ನು ಹಳಿಗಳ ನಡುವೆಯೂ ಹೊರಬದಿಗೂ ಬೇಕಾದಲ್ಲಿಗೆ ಬಿಡುತ್ತವೆ. ರೈಲು ನಡಿಗೆಯ ವೇಗದಲ್ಲಿ ಸಾಗುತ್ತಿರುವಂತೆಯೇ ಕೆಲಸ ಮುಗಿಯುತ್ತದೆ. ಇಲ್ಲಿ ಎಡ, ಬಲ, ನಡು ಮೂರೂ ಬೇಕು, ಏಕೆಂದರೆ ಸುರಿಯುವ ಜಾಗ ಕಿಲೋಮೀಟರುಗಟ್ಟಲೆ ಮುಂದೆ ಸಾಗುತ್ತದೆ. ಏರಿ ಕಟ್ಟುವ ತೊಟ್ಟಿಲ ಗಾಡಿಗೂ ಇದಕ್ಕೂ ಅಗತ್ಯ ಒಂದೇ, ಉಪಾಯ ಮಾತ್ರ ಬೇರೆ.

ಮುಂಬಯಿ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಅಷ್ಟು ಹಳೆಯ ರೈಲಿನ ಜಿಲ್ಲೆಯಲ್ಲಿ ಸಿಂಧನೂರಿಗೆ ರೈಲು ಬರಲು ಮತ್ತೂ ಒಂದೂವರೆ ಶತಮಾನ ಹಿಡಿಯಿತು.

ಟ್ರ್ಯಾಕ್ಟರಿಗೂ ಇದೇ ಲೆಕ್ಕ

ಹಳಿ ಕಾಣದ ಊರಿನ ಓದುಗರಿಗೆ ಇದೆಲ್ಲ ದೂರದ ಮಾತೆನಿಸಬಹುದು. ಆದರೆ ಕವಿತಾಳ, ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಮಣ್ಣು, ಮರಳು, ಗೊಬ್ಬರ ಸುರಿಯುವ ಟ್ರ್ಯಾಕ್ಟರಿನ ಟ್ರೇಲರುಗಳಿಗೆ ಲೆಕ್ಕವಿಲ್ಲ. ಅವು ಹಿಂದಕ್ಕೆ ಸುರಿಯುತ್ತವೆ ನಿಜ. ಜಾಕು ಎತ್ತಿದಂತೆ ಅವುಗಳ ತೂಕದ ಕೇಂದ್ರವೂ ಮೇಲೇರುತ್ತದೆ. ಸಮನೆಲದಲ್ಲಿ ತೊಂದರೆಯಿಲ್ಲ. ಕಾಲುವೆಯ ಏರಿಯ ಮೇಲೆ ಒಂದು ಗಾಲಿ ತಗ್ಗಿನಲ್ಲಿದ್ದು, ಒಳಗೆ ನೆನೆದ ಎರೆ ಮಣ್ಣು ಒಂದೇ ಬದಿಗೆ ಕಚ್ಚಿಕೊಂಡಿದ್ದರೆ, ತೂಕದ ಕೇಂದ್ರ ತಗ್ಗಿನ ಗಾಲಿಯನ್ನು ದಾಟಲು ಹೆಚ್ಚು ಹೊತ್ತು ಬೇಡ. ಆಗ ಟ್ರೇಲರು ತಾನು ಬಯಸದ ಬದಿಗೆ ಸುರಿಯುತ್ತದೆ, ತನ್ನನ್ನೇ ಸೇರಿಸಿ.

ದೇಶದಲ್ಲಿ 1952ರಲ್ಲಿ ಗಣಿ ಕಾಯ್ದೆ, 1961ರಲ್ಲಿ ಲೋಹದ ಗಣಿಗಳ ನಿಯಮಾವಳಿ ಬಂದವು. ಹಳಿಯ ಮೇಲೆ ಅದಿರು ಸಾಗಿಸುವಾಗ ಅನುಸರಿಸಬೇಕಾದ ಕಟ್ಟಳೆಗಳು ಅವುಗಳಲ್ಲಿ ಸೇರಿದವು. ಕಾಲುವೆಯ ಏರಿಯ ಮೇಲೆ ಮಣ್ಣು ಸುರಿಸುವ ಮೇಸ್ತ್ರಿಯ ಬಳಿ ಅಂಥ ಪುಸ್ತಕ ಇರುವುದಿಲ್ಲ. ಅವನು ನೋಡಬೇಕಾದದ್ದು ಮೂರೇ ಸಂಗತಿ. ಹೊರೆ ಬಾಯಿಯ ಮಟ್ಟ ಮೀರಿದೆಯೇ? ನೆಲ ಸಮವಾಗಿದೆಯೇ? ಸುರಿಯುವ ಹೊತ್ತಿಗೆ ಪಕ್ಕದಲ್ಲಿ ಯಾರಾದರೂ ನಿಂತಿದ್ದಾರೆಯೇ? ಮೂರನೆಯ ಪ್ರಶ್ನೆಗೆ ಉತ್ತರ ಹೌದೆಂದಾದರೆ, ಅವರನ್ನು ಸರಿಸುವವರೆಗೆ ಅಗುಳಿಗೆ ಕೈ ಹಚ್ಚಬಾರದು.